ಪತ್ತಾ

ಗಂಜಿನಲ್ಲಿ ಸವಾಲು ಮುಗಿದು
ತೊಗರಿಯ ಧೂಳು ಇನ್ನೂ ಗಾಳಿಯಲ್ಲೇ ನಿಂತಿರುವಾಗ
ನಾನು ದರ ಬರೆದು ಕಳಿಸುತ್ತೇನೆ.
ಕೆಂಪು ಇಷ್ಟು, ಬಿಳಿ ಇಷ್ಟು, ಆವಕ ಇಷ್ಟು ಚೀಲ.
ಸಾವಿರದ ನಾನೂರ ಹನ್ನೆರಡು ಜನಕ್ಕೆ
ಒಂದೇ ಒತ್ತಿಗೆ ಇಮೇಲ್.
ಚಹಾ ತಣ್ಣಗಾಗುವುದರೊಳಗೆ
ಮುನ್ನೂರು ಹೊರಳಿ ಬರುತ್ತವೆ,
ಬೀಗ ನೋಡಿ ಮರಳಿದ ಹುಡುಗರ ಹಾಗೆ
ಮುಖ ಸಣ್ಣ ಮಾಡಿಕೊಂಡು.

ಮೊದಮೊದಲು ಜನರ ಮೇಲೆಯೇ ಸಿಟ್ಟು.
ಬದಲಾದರೆ ಒಂದು ಮಾತು ಹೇಳಬಾರದೇ?
ಆಮೇಲೊಂದು ಮಧ್ಯಾಹ್ನ ಕರೆಂಟು ಹೋಗಿತ್ತು.
ಮಾಡಲು ಏನೂ ಇರದೆ, ಫೋನಿನಲ್ಲಿ
ನಮ್ಮದೇ ಫಾರ್ಮು ತುಂಬಲು ಕೂತೆ,
ಚಂದಾದಾರಳಂತೆ.

ಹನ್ನೊಂದು ಖಾನೆ.
ಹಳೆಯ ಪಾಸ್‌ವರ್ಡು.
ತಂದೆ ಅಥವಾ ಗಂಡನ ಹೆಸರು
(ತೊಗರಿಯ ದರಕ್ಕೂ ಗಂಡನಿಗೂ ಏನು ನಂಟು?)
ಕಟ್ಟಕಡೆಗೆ, ಹಳೆಯ ನಂಬರಿಗೆ ಬಂದ ಆರಂಕಿ ಹಾಕಿರಿ.
ಹಳೆಯ ನಂಬರು ಕೈಯಲ್ಲಿದ್ದಿದ್ದರೆ
ಹೊಸದನ್ನು ಹೇಳಲು ಯಾಕೆ ಬರುತ್ತಿದ್ದರು?
ಕೀಲಿ ಒಳಗಿಟ್ಟು ಬೀಗ ಜಡಿದು
ಹೊರಗೆ ನಿಂತವರಿಗೆ
ತೆಗೆಯಿರಿ ಎನ್ನುತ್ತಿದ್ದೆವು ಇಷ್ಟು ವರ್ಷ.

ಅದೇ ವಾರ ಕಾಳಗಿಯಿಂದ ಬಸ್ಸು ಹತ್ತಿ ಬಂದಳು ಗುರುಬಾಯಿ,
ಸಣ್ಣದೊಂದು ಬೇಳೆಯ ಮಿಲ್ಲು ಇಟ್ಟವಳು.
"ನಂಬರ್ ನಮ್ಮನಿಯವರ ಹೆಸರಿಲೆ ಇತ್ತರೀ.
ಈಗ ಅವರು ಬ್ಯಾರೆ ಅದಾರ, ನಾ ಬ್ಯಾರೆ ಅದೀನಿ.
ದರ ಅವರಿಗಿ ಹೋಗ್ತದ,
ಕಾಳು ನನ್ನ ಬಲ್ಲಿ ಅದ.
ಆ ಆರು ಅಂಕಿ ಕೇಳಲಾಕ ಹೋದ್ರ
ಪಂಚರ ಮುಂದ ನಗ್ತಾರ."
ಸೆರಗಿನ ಗಂಟಿನಿಂದ ತೆಗೆದ ಚೀಟಿಯಲ್ಲಿ
ಹೊಸ ಇಮೇಲ್ ಇತ್ತು, ಮಗಳ ದುಂಡು ಅಕ್ಷರದಲ್ಲಿ.
ಅದೊಂದನ್ನು ಬರೆದುಕೊಳ್ಳಲು
ನನಗೆ ಹಿಡಿದದ್ದು ಅರ್ಧ ನಿಮಿಷ.
ಅವಳಿಗೆ ಒಂದು ದಿನದ ಮಿಲ್ಲು, ಎರಡು ಕಡೆಯ ಟಿಕೀಟು.

ವೀರಭದ್ರಪ್ಪ ಧಣಿ ಕನ್ನಡಕ ಏರಿಸಿದರು.
"ಖಾನೆ ತೆಗದ್ರ ಹ್ಯಾಂಗ? ನಾಳಿ ಯಾರರೆ ಕಳ್ಳರು
ಮಂದಿ ಪತ್ತಾ ಬದಲಿ ಮಾಡಿದ್ರ?"
"ತೊಗರಿ ದರ ಕದ್ದು ಏನ್ ಮಾಡ್ತಾರ್ರೀ ಧಣಿ,
ಹೊರಗ ಹಲಗಿ ಮ್ಯಾಲೆ ಸುಣ್ಣದಾಗ ನಾವೇ ಬರದೀವಿ.
ಬದಲಾದದ್ದು ಹಳೇ ಪತ್ತಾಕೂ ಒಂದು ಸಾಲು ಹೋಗ್ತದ,
ತಪ್ಪಿದ್ರ ಅವರೇ ಕೂಗ್ತಾರ."
ಅವರು ಎದ್ದು ಹೋಗಿ ಹಲಗೆ ನೋಡಿ ಬಂದರು.
ಏನೂ ಅನ್ನಲಿಲ್ಲ. ಅದೇ ಒಪ್ಪಿಗೆ.

ಈಗ ದರದ ಕೆಳಗೆ ಒಂದೇ ಸಾಲು:
ಬದಲಾಗಿದ್ದರೆ ಇಲ್ಲಿ ಒತ್ತಿ, ಹೊಸದು ಬರೆಯಿರಿ.
ಇಮೇಲೇ ಮುಟ್ಟದವರಿಗೆ
ಅದೇ ಸಾಲು ಹಲಗೆಯ ಮೇಲೆ, ತೂಕದ ಕಟ್ಟೆಯ ಮೇಲೆ,
ಆಳಂದ ಬಸ್ಸು ನಿಲ್ಲುವಲ್ಲಿ ಚಹಾದಂಗಡಿಯ ಕಂಬಕ್ಕೆ.

ಬಂದವು.
"ಹೆಸರಿನ್ಯಾಗ ಎರಡು ಎಲ್ ಅವ, ಒಂದು ಕಡೀರಿ" –
ಇಮಾಮಸಾಬ, ಒಂಬತ್ತು ವರ್ಷದ ತಪ್ಪು.
"ಆ ಆಫೀಸು ಬಿಟ್ಟೆ, ಅದರ ಇಮೇಲೂ ಬಿಟ್ಟೆ" – ಶಹಾಬಾದಿನಿಂದ.
"ನಂದೇನೂ ಬದಲಾಗಿಲ್ಲ, ಒತ್ತಿದರೆ ಏನಾಗ್ತದ ನೋಡಿದೆ."
ಒಬ್ಬರು ಖಾಲಿ ಕಳಿಸಿದ್ದರು.
ಬಂತು, ಏನೂ ಬರೆದಿಲ್ಲ ನೀವು ಎಂದು ಬರೆದೆ.
ಅದಕ್ಕೂ ಖಾಲಿಯೇ ಉತ್ತರ.

ವಿಳಾಸ ಎನ್ನುವುದು ಕಾಗದದ ಮಾತು,
ಗಂಜಿನಲ್ಲಿ ಪತ್ತಾ.
ಪತ್ತಾ ಇಲ್ಲ ಎಂದರೆ ಮನುಷ್ಯನೇ ಇಲ್ಲ.
ದಿನವೂ ಸಂಜೆ ಮುನ್ನೂರು ಜನರನ್ನು
ಪತ್ತಾ ಇಲ್ಲ ಅನ್ನುತ್ತಿದ್ದೆ, ಚಹಾ ಕುಡಿಯುತ್ತ.
ಅವರಲ್ಲಿ ಅರ್ಧ ಮಂದಿ
ನಮ್ಮ ಕಿಟಕಿಯ ಕೆಳಗೇ ಚೀಲ ಹೊಲಿಸುತ್ತಿದ್ದರು.

ಇವತ್ತು ಹೊರಳಿದ್ದು ತೊಂಬತ್ತಾರು.
ಅವರ ಹೆಸರು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ,
ಹಮಾಲರನ್ನು ಕೇಳಬೇಕು.
ಕಂಪ್ಯೂಟರು ಮುಚ್ಚುವ ಹೊತ್ತಿಗೆ
ಕಾಳಗಿಯಿಂದ ಒಂದು ಸಾಲು:

"ಬಂತರೀ ಅಕ್ಕ. ಬಿಳಿ ಇಷ್ಟ್ಯಾಕ ಇಳದದ?"